ಅತ್ತೆಯ ಹಗಲು ನಿದ್ದೆ

ಬಸಲಿಂಗವ್ವ ಹಗಲು ಮಲಗುವ ಹೆಂಗಸಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ. ಸರಕಾರಿ ನರ್ಸಾಗಿ ಹಳ್ಳಿಹಳ್ಳಿಗೆ ಬಸ್ಸು ಹಿಡಿದು ಹೋಗಿ ಹೆರಿಗೆ ಮಾಡಿಸಿ ಆಯುಷ್ಯ ಸವೆಸಿದವರು ಅವರು. ಹೆರಿಗೆ ನೋವು ಗಡಿಯಾರ ನೋಡಿಕೊಂಡು ಬರುವುದಿಲ್ಲವಲ್ಲ! ಹಾಗಾಗಿ ಬಿಸಿಲಿರುವಾಗ ಹಾಸಿಗೆಗೆ ಬೆನ್ನು ಕೊಡುವುದೆಂದರೆ ಅವರಿಗೆ ಡ್ಯೂಟಿ ತಪ್ಪಿಸಿದ ಹಾಗೆ. ನಿವೃತ್ತಿಯಾದ ಮೇಲೂ ಉಂಡ ಕೈ ತೊಳೆದವರೇ ಹಳೇ ಹುಬ್ಬಳ್ಳಿಯ ತಮ್ಮ ಮನೆಯ ಕಟ್ಟೆಗೆ ಬಂದು ಕೂತು, ಹೋಗುವವರನ್ನೂ ಬರುವವರನ್ನೂ ನಿಲ್ಲಿಸಿ ಮಾತಾಡಿಸುತ್ತಿದ್ದರು. ಸಂಜೆ ಸೊಸೆ ಕೆಲಸದಿಂದ ಬರುವ ಹೊತ್ತಿಗೆ ಬಾಯಿ ಮುಖ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಚಹಾಕ್ಕೆ ನೀರಿಟ್ಟಿರುತ್ತಿದ್ದರು.

ಅಂಥ ಬಸಲಿಂಗವ್ವ ಈಗ ಪರದೆಯ ಮೇಲೆ ಮಲಗಿದ್ದರು.

ಪರದೆ ಇದ್ದದ್ದು ಊರಿನ ಇನ್ನೊಂದು ತುದಿಯ ಸಂಶೋಧನಾ ಕೇಂದ್ರದಲ್ಲಿ. ನಿಗಾ ಕೋಣೆ ಎಂದು ಅದಕ್ಕೆ ಹೆಸರು. ಅಲ್ಲಿನ ಗೋಡೆಯಗಲದ ಪರದೆಯಲ್ಲಿ ಒಬ್ಬೊಬ್ಬ ರೋಗಿಗೆ ಒಂದೊಂದು ಚುಕ್ಕೆ. ಎಚ್ಚರವಿದ್ದರೆ ಹಸಿರು, ನಿದ್ದೆಯಲ್ಲಿದ್ದರೆ ನೀಲಿ, ಆಪತ್ತಿದ್ದರೆ ಕೆಂಪು. ಪರದೆಯ ಮುಂದೆ ಕೂತಿದ್ದ ನೀಲಗಂಗಾ ತನ್ನ ಅತ್ತೆಯ ಚುಕ್ಕೆಯನ್ನು ನೋಡಿದಳು. ಮಟಮಟ ಮಧ್ಯಾಹ್ನ, ಅತ್ತೆ ನೀಲಿ. ನಿನ್ನೆಯೂ ನೀಲಿ, ಮೊನ್ನೆಯೂ ನೀಲಿ.

"ಅಂತೂ ನಮ್ಮತ್ತೀಗೂ ವಯಸ್ಸಾತು" ಎಂದು ನಕ್ಕಳು. ಆಮೇಲೆ ಆ ನಗು ಅವಳಿಗೇ ಸರಿಬರಲಿಲ್ಲ.

ಚುಕ್ಕೆಗಳ ಹಿಂದಿನ ಸಂಗತಿ ಇಷ್ಟು. ಲಿವರ್ ಕೆಟ್ಟು ಗಂಟುಗಂಟಾಗಿ ಗಟ್ಟಿಯಾದರೆ ಹೊಟ್ಟೆಯ ರಕ್ತಕ್ಕೆ ಅದರೊಳಗೆ ಹಾಯಲು ದಾರಿ ಸಿಗುವುದಿಲ್ಲ. ಹೆದ್ದಾರಿ ಬಂದ್ ಆದಾಗ ಲಾರಿಗಳೆಲ್ಲ ಓಣಿಗೆ ನುಗ್ಗುವುದಿಲ್ಲವೇ, ಹಾಗೆ ಆ ರಕ್ತ ಅನ್ನನಾಳದ ಕೆಳತುದಿಯ ಸಣ್ಣ ನಾಳಗಳಿಗೆ ನುಗ್ಗುತ್ತದೆ. ಅವು ಉಬ್ಬುತ್ತವೆ, ತೆಳ್ಳಗಾಗುತ್ತವೆ, ಒಂದು ದಿನ ಒಡೆಯುತ್ತವೆ. ಆಗ ಮನುಷ್ಯ ಕಾರುವುದು ಅನ್ನವನ್ನಲ್ಲ, ರಕ್ತವನ್ನು. ಮೊದಲೆಲ್ಲ ಡಾಕ್ಟರುಗಳು ಒತ್ತಡ ಇಳಿಸುವ ಗುಳಿಗೆ ಕೊಟ್ಟು, ಬಾಯಿಂದ ಕೊಳವೆ ಇಳಿಸಿ, ಉಬ್ಬಿದ ನಾಳಕ್ಕೆ ಪುಟ್ಟ ರಬ್ಬರ್ ಉಂಗುರ ಹಾಕಿ ಬಿಗಿಯುತ್ತಿದ್ದರು. ಒಳ್ಳೆಯ ಚಿಕಿತ್ಸೆಯೇ. ಆದರೆ ಇವತ್ತು ಒಂದನ್ನು ಬಿಗಿದರೆ ಮುಂದೆ ಇನ್ನೊಂದು ಉಬ್ಬುತ್ತದೆ, ಅದು ಯಾವಾಗ ಒಡೆಯುತ್ತದೆಂದು ಕಾಯುತ್ತ ಕೂರುವವರು ಯಾರು?

ಒಳಗೇ ಒಬ್ಬ ಕಾವಲುಗಾರನನ್ನು ಕೂರಿಸಿದರೆ ಹೇಗೆ ಎಂಬ ಪ್ರಶ್ನೆ ನೀಲಗಂಗಾಳ ತಂಡಕ್ಕೆ ಹೊಳೆಯಿತು. ಹಾಗೆ ಹುಟ್ಟಿದ್ದು ಜಾಲರಿ. ಬೆರಳುದ್ದದ ಮೆತ್ತನೆ ಬಲೆ, ಅನ್ನನಾಳದ ಒಳಗೋಡೆಗೆ ಅಂಟಿಕೊಂಡಿರುತ್ತದೆ. ಅದರ ಎಳೆಗಳು ಕೆಳಗಿನ ನಾಳಗಳ ಉಬ್ಬರವನ್ನು ಸದಾ ಮುಟ್ಟಿ ನೋಡುತ್ತಿರುತ್ತವೆ. ಯಾವ ನಾಳ ಮಿತಿಮೀರಿತೋ ಆ ನಾಳವನ್ನಷ್ಟೇ, ಗಾಯದ ಮೇಲೆ ಹೆಬ್ಬೆರಳು ಒತ್ತಿದ ಹಾಗೆ, ಒತ್ತಿ ಹಿಡಿಯುತ್ತವೆ. ಅನ್ನ ನೀರು ತಮ್ಮ ಪಾಡಿಗೆ ತಾವು ಇಳಿಯುತ್ತವೆ.

ಅದಕ್ಕೆ ಚಾರ್ಜು ಎಲ್ಲಿಂದ? ಇದೇ ತಂಡದ ಹೆಮ್ಮೆ. ನಾವು ನುಂಗಿದಾಗಲೆಲ್ಲ ಅನ್ನನಾಳ ಹಿಂಡಿಕೊಳ್ಳುತ್ತದೆ, ಆ ಹಿಂಡಿಕೆಯಿಂದ ಜಾಲರಿ ತನಗೆ ಬೇಕಾದ ವಿದ್ಯುತ್ತನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಎಚ್ಚರವಿರುವ ಮನುಷ್ಯ ಊಟ ಮಾಡದಿದ್ದರೂ ಬಾಯಲ್ಲಿ ಊರಿದ ನೀರನ್ನಾದರೂ ಗುಟುಕು ಗುಟುಕಾಗಿ ನುಂಗುತ್ತಲೇ ಇರುತ್ತಾನೆ. ನಿದ್ದೆಯಲ್ಲಿ ಮಾತ್ರ ನುಂಗುವುದು ನಿಂತಂತೆಯೇ. ಆದ್ದರಿಂದ ಗುಟುಕು ನಿಂತರೆ, ಯಜಮಾನರು ಮಲಗಿದರು ಎಂದು ಜಾಲರಿ ಹಿಡಿತ ಸಡಿಲಿಸಿ ತಾನೂ ತೂಕಡಿಸುತ್ತದೆ, ಕೂಡಿಟ್ಟ ಚಾರ್ಜನ್ನು ಉಳಿಸುತ್ತದೆ; ರಾತ್ರಿಯ ಪಾಳಿ ಮಲಗುವ ಮುಂಚೆ ನುಂಗುವ ಗುಳಿಗೆಯದು. ಬೆಳಗಿನ ಮೊದಲ ಗುಟುಕಿಗೆ ಮತ್ತೆ ಎದ್ದು ಕೂರುತ್ತದೆ. ಆಸ್ಪತ್ರೆಯಲ್ಲಿ ಮಲಗಿಸಿ ಪರೀಕ್ಷೆ ಮಾಡಿದ ರೋಗಿಗಳೆಲ್ಲರ ವಿಷಯದಲ್ಲೂ ಇದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಬಸಲಿಂಗವ್ವನಿಗೆ ಲಿವರ್ ಕೆಟ್ಟದ್ದು ಸೂಜಿಯಿಂದ. ಗಾಜಿನ ಸಿರಿಂಜು ಕುದಿಸಿ ಕುದಿಸಿ ಬಳಸುವ ಕಾಲದಲ್ಲಿ ಯಾರಿಗೋ ಚುಚ್ಚಿದ ಸೂಜಿ ತಮ್ಮ ಬೆರಳಿಗೂ ಚುಚ್ಚಿತ್ತು. ಅದರಿಂದ ಹೊಕ್ಕ ಕಾಮಾಲೆಯ ವೈರಸ್ಸು ಒಳಗೇ ಕೂತು ಸದ್ದಿಲ್ಲದೆ ತನ್ನ ಕೆಲಸ ಮಾಡಿತು. ಆದರೆ ನಮ್ಮ ಜನಕ್ಕೆ ಲಿವರ್ ಎಂದರೆ ಕುಡಿತ! ಓಣಿಯ ಹೆಂಗಸರು ಕಣ್ಣಲ್ಲೇ ಕೇಳುತ್ತಿದ್ದರು. ಬಸಲಿಂಗವ್ವ ಬಾಯಿಬಿಟ್ಟೇ ಉತ್ತರ ಕೊಡುತ್ತಿದ್ದರು: "ಹೌದವಾ, ದಿನಾ ಕುಡೀತೀನಿ. ಮುಂಜಾನೆ ಒಂದ್ ಕಪ್ಪು, ಸಂಜೀಕ ಒಂದ್ ಕಪ್ಪು. ಸಕ್ರಿ ಕಮ್ಮಿ."

ಮೊದಲ ಸಲ ರಕ್ತ ಕಾರಿದ್ದು ಅಡುಗೆಮನೆಯಲ್ಲಿ, ನೀಲಗಂಗಾಳ ಎದುರಿಗೇ. ಅತ್ತೆಯನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದಾಗ ಅವಳ ಸೀರೆಯೆಲ್ಲ ತೊಯ್ದಿತ್ತು. ಉಂಗುರ ಹಾಕಿ ಉಳಿಸಿದ ಡಾಕ್ಟರ್ ನದಾಫ್, "ಹೊಗೆಸೊಪ್ಪು ಹಾಕಿ ಎಲಿ ತಿನ್ನೋದು ಇವತ್ತಿಗೆ ಬಂದ್ ಮಾಡ್ರಿ" ಎಂದು ಕಟ್ಟಪ್ಪಣೆ ಮಾಡಿದರು. ಮನೆಗೆ ಬಂದ ದಿನವೇ ಬಸಲಿಂಗವ್ವ ತಮ್ಮ ಎಲೆಅಡಿಕೆಯ ಸಂಚಿಯನ್ನು ಸೊಸೆಯ ಕೈಗಿಟ್ಟರು. ಮದುವೆಯಾಗಿ ಬಂದಾಗಿನಿಂದ ಸೊಂಟದಲ್ಲಿದ್ದ ಸಂಚಿ! ನೀಲಗಂಗಾಳಿಗೆ ಕಣ್ಣು ತುಂಬಿ ಬಂತು. ಜಾಲರಿ ಹಾಕಿಸಿಕೊಳ್ಳಲು ಮಾತ್ರ ಅವರು ಜಪ್ಪಯ್ಯ ಅಂದರೂ ಒಪ್ಪಿರಲಿಲ್ಲ.

"ನನ್ನ ಗಂಟಲದಾಗ ಬಲಿ ಯಾಕ? ನಾ ಏನ್ ಮೀನೇನು?"

"ಅತ್ತೀ, ಅದನ್ನ ನಾನ ಮಾಡೇನ್ರೀ" ಎಂದಿದ್ದಳು ನೀಲಗಂಗಾ. "ನಾ ಕುಂತು ಕಾಯ್ತೀನಿ. ನನ್ನ ಮ್ಯಾಲ ನಂಬಿಕಿ ಇಲ್ಲೇನು?"

ಬಸಲಿಂಗವ್ವ ಬಹಳ ಹೊತ್ತು ಅವಳ ಮುಖ ನೋಡಿ, "ನೀ ಕಾಯ್ತೀಯಂದ್ರ ಹಾಕ್ರಿ" ಎಂದಿದ್ದರು. ಅಂದಿನಿಂದ ಅವರ ಕೊರಳಲ್ಲಿ ಲಿಂಗದ ಕರಡಿಗೆಯ ಪಕ್ಕಕ್ಕೆ ಇನ್ನೊಂದು ಪುಟ್ಟ ಡಬ್ಬಿ. ಜಾಲರಿಯ ಸುದ್ದಿಯನ್ನು ಪರದೆಗೆ ಮುಟ್ಟಿಸುವ ಡಬ್ಬಿ ಅದು. ಕಾಯುತ್ತೇನೆಂದ ಮಾತನ್ನು ನೀಲಗಂಗಾ ಮರೆತಿರಲಿಲ್ಲ. ಅವಳು ಕಾಯುತ್ತಿದ್ದಳು. ಆದರೆ ಅವಳು ಕಾಯುತ್ತಿದ್ದದ್ದು ಪರದೆಯನ್ನು.

ಆ ಸಂಜೆ ಊಟಕ್ಕೆ ಕೂತಾಗ ಗಂಡ ಮಹಾರುದ್ರನಿಗೆ ಹೇಳಿದಳು. ಅವನು ಹೈಸ್ಕೂಲಿನಲ್ಲಿ ಚಿತ್ರಕಲೆಯ ಮೇಷ್ಟ್ರು, ಮಾತು ಕಡಿಮೆ.

"ಅವ್ವ? ಹಗಲು ಮಲಗೋದು?" ಎಂದು ತುತ್ತು ಕೈಯಲ್ಲೇ ಹಿಡಿದು ನೋಡಿದ. "ನಾ ಹುಟ್ಟಿದಾಗಿಂದ ನೋಡಿಲ್ಲ."

ಅಡುಗೆಮನೆಯಿಂದ ಬಸಲಿಂಗವ್ವನ ದನಿ ಬಂತು. "ಏನದು ನನ್ನ ಸುದ್ದಿ?"

"ಮಧ್ಯಾಹ್ನ ಮಲಗ್ತೀರೇನ್ರೀ ಅತ್ತಿ?"

ಒಳಗೆ ಸೌಟು ಠಣ್ಣೆಂದು ಬಿತ್ತು. ಆಮೇಲೆ, "ಹೂಂ, ಹಂಗ ಕುಂತಲ್ಲೆ ಜೊಂಪು ಹತ್ತತೈತಿ" ಎಂದರು. ಅವರು ಹಾಗೆಂದದ್ದೇ ತಡ, ನೀಲಗಂಗಾ ತಾಟು ಸರಿಸಿ ಎದ್ದಳು. ಲಿವರ್ ಸೋತವರಿಗೆ ಹಗಲು ನಿದ್ದೆ ಒಳ್ಳೆಯ ಲಕ್ಷಣವಲ್ಲ. ಲಿವರ್ ಸೋಸದೆ ಬಿಟ್ಟ ವಿಷ ಮಿದುಳಿಗೇರಿ ಹಗಲು ರಾತ್ರಿ ಅದಲುಬದಲಾಗುತ್ತವೆ, ಆಮೇಲೆ ಮಾತು ತಪ್ಪುತ್ತದೆ, ಆಮೇಲೆ ಪ್ರಜ್ಞೆ.

ಡಾಕ್ಟರ್ ನದಾಫ್ ಕೂಡ ಅದನ್ನೇ ಶಂಕಿಸಿದರು. ಪರದೆಯಲ್ಲಿ ಚಾರ್ಜೂ ಕಡಿಮೆಯಿತ್ತು. ಮಲಗಿದವರು ನುಂಗುವುದಿಲ್ಲ, ನುಂಗದಿದ್ದರೆ ಚಾರ್ಜಿಲ್ಲ, ಲೆಕ್ಕ ಸರಿಯಾಗಿಯೇ ಕೂಡುತ್ತಿತ್ತು. ಬಸಲಿಂಗವ್ವನನ್ನು ಎದುರಿಗೆ ಕೂರಿಸಿಕೊಂಡು, "ನೂರರಾಗ ಏಳು ಕಳೀರಿ ನೋಡೋಣ" ಎಂದರು.

"ತೊಂಬತ್ಮೂರು. ಅದರಾಗ ಏಳು ಕಳೆದ್ರ ಎಂಬತ್ತಾರು. ಅದರಾಗ ಕಳೆದ್ರ ಎಪ್ಪತ್ತೊಂಬತ್ತು. ಇನ್ನೂ ಬೇಕೇನು? ಸಾಹೇಬ್ರ, ನಿಮ್ಮಂಥಾವ್ರು ಹುಟ್ಟಿದಾಗ ತೂಕ ಬರಕೊಂಡಾಕಿ ನಾನು. ನನಗ ಲೆಕ್ಕ ಕಲಸ್ತೀರಿ?"

ಮಿದುಳು ಚಾಕುವಿನಷ್ಟು ಚುರುಕಿತ್ತು. ಆದರೂ ಒಂದು ಕೈ ನೋಡೋಣವೆಂದು ಡಾಕ್ಟರು ಆ ವಿಷ ಹೊರಹೋಗಲು ಹೊಟ್ಟೆ ತೊಳೆಯುವ ಸಿರಪ್ಪು ಬರೆದರು. ಅದು ಹೊಟ್ಟೆಯನ್ನೇನೋ ತೊಳೆಯಿತು. ವಾರವೆಲ್ಲ ಬಚ್ಚಲಿಗೂ ಕಟ್ಟೆಗೂ ಓಡಾಡಿ ಬಸಲಿಂಗವ್ವ ಸೊಸೆಗೆ ಮಂಗಳಾರತಿ ಎತ್ತಿದ್ದೇ ಎತ್ತಿದ್ದು. ಪರದೆಯ ಮೇಲೆ ಮಾತ್ರ ಮಧ್ಯಾಹ್ನವಾಗುತ್ತಲೂ ಅವರ ಚುಕ್ಕೆ ನೀಲಿ. ಇನ್ನೂ ಕೆಲವು ಚುಕ್ಕೆಗಳು ಆ ಹೊತ್ತಿಗೆ ನೀಲಿಯಾಗುತ್ತಿದ್ದವು. ಹೆಚ್ಚಿನವರು ನರಗುಂದ, ರೋಣದ ಕಡೆಯ ವಯಸ್ಸಾದ ಹೆಂಗಸರು. ಪಾಪ, ಹೊಲದ ಕೆಲಸ ಮುಗಿಸಿ ಮಲಗುತ್ತಾರೆ ಎಂದು ಎಲ್ಲರೂ ಅಂದುಕೊಂಡರು. ಯಾರೂ ಫೋನು ಮಾಡಿ ಕೇಳಲಿಲ್ಲ.

ಅಷ್ಟರಲ್ಲಿ ಅಣ್ಣಿಗೇರಿಯಿಂದ ಕರೆ ಬಂತು. ಬಸಲಿಂಗವ್ವನ ತಂಗಿಯ ಮಗಳು ಮುಕ್ತಾ ಬಸುರಿ, ಅವಳ ಕುಬಸ. ಹಸಿರು ಸೀರೆ, ಹಸಿರು ಬಳೆ, ಉಡಿ ತುಂಬುವುದು, ಬಸುರಿಯ ಬಾಯಿಗೆ ಬೇಕೆನಿಸಿದ್ದನ್ನೆಲ್ಲ ಮಾಡಿ ಬಡಿಸುವುದು. ಹೆರಿಗೆ ಮಾಡಿಸಿ ಹೆಸರು ಮಾಡಿದ ದೊಡ್ಡವ್ವ ಹೋಗದಿದ್ದರೆ ನಡೆದೀತೇ? ನೀಲಗಂಗಾಳಿಗೆ ರಜೆ ಸಿಗಲಿಲ್ಲ. ಬಸಲಿಂಗವ್ವ ಒಬ್ಬರೇ ಬಸ್ಸು ಹತ್ತಿದರು. "ಚಿಂತಿ ಮಾಡಬ್ಯಾಡ. ನಿನ್ನ ಡಬ್ಬಿ ಐತೆಲ್ಲ ಕೊರಳಾಗ" ಎಂದು ಹೇಳಿ ಹೋದರು.

ಮಧ್ಯಾಹ್ನ ನೀಲಗಂಗಾ ಬುತ್ತಿಯಿಂದ ರೊಟ್ಟಿ ತೆಗೆದು ತಿನ್ನುತ್ತ ಪರದೆ ನೋಡಿದಳು. ಅತ್ತೆಯ ಚುಕ್ಕೆ ನೀಲಿ.

ರೊಟ್ಟಿ ಬಾಯಲ್ಲೇ ಉಳಿಯಿತು. ಕುಬಸದ ಮನೆಯಲ್ಲಿ? ಸೋಬಾನೆ ಹಾಡುವ ಹೊತ್ತಿನಲ್ಲಿ? ಊರಿಗೆ ಊರೇ ಸೇರಿದ ಪಡಸಾಲೆಯಲ್ಲಿ ಈ ಹೆಂಗಸು ಮಲಗಿದ್ದಾರೆಯೇ? ಮಿದುಳಿಗೆ ವಿಷ ಏರಿಯೇಬಿಟ್ಟಿತು ಎಂದುಕೊಂಡಳು. ಮುಕ್ತಾಗೆ ವಿಡಿಯೊ ಕರೆ ಮಾಡಿದಳು.

ಹಸಿರು ಸೀರೆ, ತಲೆ ತುಂಬ ಹೂವು, ಮುಕ್ತಾಳ ನಗುಮುಖ ಕಾಣಿಸಿತು. ಹಿಂದೆ ಹಾಡು, ಗದ್ದಲ.

"ಮುಕ್ತಾ, ನಮ್ಮತ್ತಿ ಎಲ್ಲಿ? ಮಲಗ್ಯಾರೇನು?"

"ಮಲಗೋದಾ!" ಎಂದು ಮುಕ್ತಾ ನಕ್ಕಳು. "ಇಲ್ಲೆ ನಡುಮನಿಯಾಗ ಕುಂತು ಎಲ್ಲಾರನೂ ನಗಸಾಕತ್ತಾಳ ದೊಡ್ಡವ್ವ. ನೋಡ್ರಿ ಬೇಕಾರ." ಫೋನು ತಿರುಗಿಸಿದಳು.

ಬಸಲಿಂಗವ್ವ ಮುದುಕಿಯರ ನಡುವೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಎದುರಿಗೆ ಎಲೆಯ ತಟ್ಟೆ, ಸುಣ್ಣದ ಡಬ್ಬಿ, ಪಕ್ಕದಲ್ಲಿ ಹಿತ್ತಾಳೆಯ ಪೀಕದಾನಿ. ಕೆನ್ನೆ ಎರಡೂ ಉಬ್ಬಿದ್ದವು. ತುಟಿ ಕೆಂಪು ಕೆಂಪು. ಬಾಯಿ ತುಂಬ ರಸ ಇಟ್ಟುಕೊಂಡೇ ತಲೆಯಾಡಿಸಿ ಹಾಡಿಗೆ ತಾಳ ಹಾಕುತ್ತಿದ್ದರು. ಫೋನಿನಲ್ಲಿ ಸೊಸೆಯ ಮುಖ ಕಂಡದ್ದೇ ತಡ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಅಯ್ಯೋ ದೇವರೆ, ಎಂದುಕೊಂಡಳು ನೀಲಗಂಗಾ. ಒಂದು ಸಂಚಿ ಕೊಟ್ಟ ಮಾತ್ರಕ್ಕೆ ಇನ್ನೊಂದು ಸಂಚಿ ಇರಬಾರದೆಂದು ಎಲ್ಲಿದೆ? ಎಲೆ ಹೊಗೆಸೊಪ್ಪು ಹಾಕಿದವರು ರಸವನ್ನು ನುಂಗುವುದಿಲ್ಲ. ಬಾಯಲ್ಲಿಟ್ಟು ಉಗುಳುತ್ತಾರೆ. ಮತ್ತೆ ಹಾಕುತ್ತಾರೆ, ಮತ್ತೆ ಉಗುಳುತ್ತಾರೆ. ಇಡೀ ಮಧ್ಯಾಹ್ನ ಗಂಟಲಲ್ಲಿ ಒಂದು ಗುಟುಕೂ ಇಳಿಯುವುದಿಲ್ಲ. ಪಾಪದ ಜಾಲರಿ, ಯಜಮಾನಿ ಮಲಗಿದಳೆಂದು ತಾನೂ ಮಲಗಿದೆ! ಆಸ್ಪತ್ರೆಯಲ್ಲಿ ಉಗುಳುವಂತಿಲ್ಲ. ಆದ್ದರಿಂದ ಪರೀಕ್ಷೆಯಲ್ಲಿ ಇದು ಸಿಕ್ಕಿಬೀಳಲೇ ಇಲ್ಲ. ಎಲೆಅಡಿಕೆ ತಿನ್ನುವ ಅಜ್ಜಿಯ ತೊಡೆಯ ಮೇಲೆ ಬೆಳೆದವರೇ ಜಾಲರಿ ಮಾಡಿದವರೆಲ್ಲ, ನೀಲಗಂಗಾ ಕೂಡ. ಒಬ್ಬರಿಗೂ ಪೀಕದಾನಿ ನೆನಪಾಗಿರಲಿಲ್ಲ. ರೋಣದ ಆ ನೀಲಿ ಚುಕ್ಕೆಗಳೂ ಮಲಗಿಲ್ಲ, ಕಟ್ಟೆಯ ಮೇಲೆ ಕೂತು ಉಗುಳುತ್ತಿವೆ.

"ಅತ್ತೀ, ಅದನ್ನ ಉಗಳ್ರಿ ಮೊದಲ!"

ಬಸಲಿಂಗವ್ವ ತಪ್ಪು ಸಿಕ್ಕಿದ ಹುಡುಗಿಯಂತೆ ಪೀಕದಾನಿಗೆ ಉಗುಳಿದರು. "ಕುಬಸದ ಮನ್ಯಾಗ ಎಲಿ ಕೊಟ್ರ ಒಲ್ಲೆ ಅನಬಾರದವಾ..." ಎಂದು ಶುರುಮಾಡಿ, ಒಂದು ತೇಗು ಬಂದು, ಮತ್ತೆ ಬಗ್ಗಿ ಉಗುಳಿದರು. ಮತ್ತೊಂದು ತೇಗು. ಮತ್ತೆ ಉಗುಳಿದರು. ಬಾಯಲ್ಲಿ ಎಲೆ ಇಲ್ಲದಿದ್ದರೂ ಕೆಂಪು ಬರುತ್ತಲೇ ಇತ್ತು. ಸುತ್ತ ಕೂತವರಿಗೆ ಏನೂ ಅನ್ನಿಸಲಿಲ್ಲ. ಎಲೆ ತಿಂದವರು ಕೆಂಪು ಉಗುಳುವುದರಲ್ಲಿ ವಿಶೇಷವೇನಿದೆ? ಹಾಡು ನಡೆದೇ ಇತ್ತು.

ನೀಲಗಂಗಾ ಎದ್ದು ನಿಂತಳು. "ಅತ್ತೀ, ಬಾಯಿ ಚಂದಂಗ ಮುಕ್ಕಳಿಸಿ ಉಗಳ್ರಿ. ನುಂಗಬ್ಯಾಡ್ರಿ. ಆಮ್ಯಾಲ ಬಿಳೇ ಅರಿವ್ಯಾಗ ಉಗುಳಿ ತೋರಸ್ರಿ."

ಮುಕ್ಕಳಿಸಿದರು. ನೀರು ತಿಳಿಯಾಗುವತನಕ ಮುಕ್ಕಳಿಸಿದರು. ಇನ್ನೊಂದು ತೇಗು ಬಂತು. ಬಿಳಿ ಟವೆಲಿನ ಮೇಲೆ ಬಿದ್ದ ಕೆಂಪನ್ನು ಬಸಲಿಂಗವ್ವನೇ ಬಗ್ಗಿ ನೋಡಿದರು. ರಕ್ತದ ಬಣ್ಣ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಇದು ಎಲಿ ರಸ ಅಲ್ಲ, ನೀಲಾ" ಎಂದರು ಮೆಲ್ಲಗೆ. ಹಾಡು ನಿಂತಿತು.

ನಿಗಾ ಕೋಣೆಯಲ್ಲಿದ್ದವರೆಲ್ಲ ಎದ್ದು ನಿಂತಿದ್ದರು. ಜೊತೆಗಾರ ಇಂದುಧರ ಅಣ್ಣಿಗೇರಿಯ ಆಂಬುಲೆನ್ಸಿಗೆ ಫೋನು ಹಚ್ಚಿದ. ಅದು ಬೇರೊಂದು ಊರಿಗೆ ಹೋಗಿ ಹೊರಳಿ ಬರುತ್ತಿತ್ತು, ಸ್ವಲ್ಪ ತಡವಾಗುತ್ತದೆ ಎಂದರು. ಪಕ್ಕದ ಆಸ್ಪತ್ರೆಯಿಂದ ಡಾಕ್ಟರ್ ನದಾಫ್ ಓಡಿ ಬಂದರು.

"ಒಂದು ಹನಿ ನೀರೂ ಕೊಡಬಾರದು" ಎಂದರು ಬಂದವರೇ. "ಎಡಮಗ್ಗಲಕ್ಕ ಮಲಗಸ್ರಿ. ಬಂದದ್ದು ಹೊರಗ ಬರಲಿ."

"ನೀರು ಕೊಡದಿದ್ರ ಜಾಲರಿ ಏಳೂದಿಲ್ರೀ ಸರ. ಅದರಾಗ ಚಾರ್ಜ ಇಲ್ಲ. ಗುಟುಕು ಬೇಕು ಅದಕ್ಕ."

"ರಕ್ತ ಬರೋ ಹೊತ್ತಿನ್ಯಾಗ ಕುಡಿಸಿದ್ರ ಉಸಿರಿನ ಕೊಳವಿಗೆ ಹೋಗ್ತದ. ಆಗೂದಿಲ್ಲ."

ಇಬ್ಬರ ಮಾತೂ ಖರೆ. ಒಡೆಯಲು ಶುರುವಾದ ನಾಳ, ಅದರ ಮೇಲೆಯೇ ಮಲಗಿರುವ ಕಾವಲುಗಾರ, ಎಬ್ಬಿಸಲು ನೀರಿಲ್ಲ. ನೀಲಗಂಗಾ ಕಣ್ಣು ಮುಚ್ಚಿದಳು. ನುಂಗಬೇಕು, ಆದರೆ ಏನನ್ನೂ ಕೊಡಬಾರದು. ಏನನ್ನೂ ಕೊಡದೆ ಮನುಷ್ಯ ನುಂಗುವುದು ಏನನ್ನು?

"ಬರೀ ಉಗುಳು ನುಂಗಿದ್ರ?" ಎಂದಳು.

ನದಾಫ್ ಒಂದು ಗಳಿಗೆ ಯೋಚಿಸಿದರು. "ರಕ್ತ ಬಂದ್ರ ಉಗುಳಬೇಕು. ಬಾಯಿ ಸ್ವಚ್ಛ ಆದ ಮ್ಯಾಲ ಸ್ವಲ್ಪ ಸ್ವಲ್ಪ ತನ್ನ ಉಗುಳು ತಾನು ನುಂಗಿದ್ರ... ಅಡ್ಡಿಯಿಲ್ಲ. ಅಷ್ಟ."

ಬಸಲಿಂಗವ್ವ ತಂಗಿಯ ತೊಡೆಯ ಮೇಲೆ ಎಡಮಗ್ಗುಲಾಗಿ ಮಲಗಿದ್ದರು. "ಅತ್ತೀ, ಇನ್ನ ಉಗುಳಬ್ಯಾಡ್ರಿ, ನುಂಗ್ರಿ. ಬರೀ ಉಗುಳು" ಎಂದಳು ನೀಲಗಂಗಾ.

ಅವರು ಪ್ರಯತ್ನಿಸಿದರು. ಗಂಟಲು ಒಮ್ಮೆ ಅಲುಗಿತು, ನಿಂತಿತು. "ಬಾಯಿ ಒಣಗೇತಿ ಯವ್ವಾ. ಎಲ್ಲಿದು ಉಗುಳು?" ಎಂದರು. ಹೆದರಿದವರ ಬಾಯಿ ಒಣಗುವುದು ಲೋಕಕ್ಕೇ ಗೊತ್ತಿದ್ದದ್ದು. ಆಯುಷ್ಯವಿಡೀ ಬಾಯಿ ತುಂಬ ಉಗುಳಿದ ಹೆಂಗಸಿಗೆ ಬೇಕಾದಾಗ ಒಂದು ಗುಟುಕಿಗೆ ಬರ.

ನೀಲಗಂಗಾ ಫೋನಿನ ಪರದೆಯ ಮೂಲೆಮೂಲೆ ನೋಡಿದಳು. ಮುಕ್ತಾಳ ಎದುರಿನ ಮಣೆಯ ಮೇಲೆ ಬಸುರಿಗೆಂದು ಇಟ್ಟ ತಾಟಿತ್ತು. ಹೋಳಿಗೆ, ಕಡಬು, ಅವುಗಳ ನಡುವೆ ಹೆಚ್ಚಿಟ್ಟ ಹಸಿ ಮಾವಿನಕಾಯಿ, ಮೇಲೆ ಉಪ್ಪು ಖಾರ.

"ಮುಕ್ತಾ! ಆ ಮಾವಿನಕಾಯಿ ತಗೋ!"

"ಹುಚ್ಚು ಹಿಡೀತೇನು?" ಎಂದು ನದಾಫ್ ಕೂಗಿದರು. "ರಕ್ತ ಕಾರೋವ್ರಿಗೆ ಖಾರ ಹಚ್ಚಿ ಮಾವಿನಕಾಯಿ ತಿನಸ್ತೀರೇನು?"

"ತಿನಸೋದಲ್ರೀ ಸರ. ತೋರಸೋದು."

ಆಮೇಲೆ ನಡೆದದ್ದನ್ನು ಅಣ್ಣಿಗೇರಿಯ ಆ ಓಣಿಯವರು ಇಂದಿಗೂ ಹೇಳಿಕೊಂಡು ನಗುತ್ತಾರೆ. ಆಗ ಯಾರೂ ನಗಲಿಲ್ಲ. ತುಂಬಿದ ಬಸುರಿ ಮುಕ್ತಾ, ದೊಡ್ಡವ್ವನ ಮುಖದ ಎದುರಿಗೆ ಗೇಣಿನಷ್ಟು ಹತ್ತಿರ ಕೂತು, ಮಾವಿನಕಾಯಿಯ ಹೋಳನ್ನು ಉಪ್ಪಿನಲ್ಲಿ ಹೊರಳಿಸಿ ಕಟುಂ ಎಂದು ಕಚ್ಚಿದಳು. ಹುಳಿಗೆ ಒಂದು ಕಣ್ಣು ಮುಚ್ಚಿತು, ಮುಖ ಕಿವುಚಿತು, ನಾಲಗೆ ಲೊಟ್ಟೆ ಹೊಡೆಯಿತು. ಅಳುತ್ತಲೇ ತಿನ್ನುತ್ತಿದ್ದಳು.

ಬಸಲಿಂಗವ್ವನ ದವಡೆಯ ಮೂಲೆ ಜುಮ್ಮೆಂದಿತು. ಗಂಟಲು ಅಲುಗಿತು. ಇಳಿಯಿತು!

"ನುಂಗಿದಳು!" ಎಂದು ಮುಕ್ತಾ ಚೀರಿದಳು.

ಹುಬ್ಬಳ್ಳಿಯ ಗೋಡೆಯ ಮೇಲೆ ನೀಲಿ ಚುಕ್ಕೆ ಒಮ್ಮೆ ಮಿನುಗಿತು. ಮತ್ತೆ ಒಂದು ಕಟುಂ, ಮತ್ತೆ ಒಂದು ಗುಟುಕು. ಚುಕ್ಕೆ ಹಸಿರಾಯಿತು, ಆ ಕೂಡಲೇ ಕೆಂಪಾಯಿತು. ಜಾಲರಿ ಕಣ್ಣು ಬಿಟ್ಟು ತನ್ನ ಕೆಳಗೆ ಏನಾಗಿದೆ ಎಂದು ನೋಡಿತ್ತು. ಆದರೆ ಚಾರ್ಜು ಇನ್ನೂ ತಳದಲ್ಲಿತ್ತು. ನಾಳವನ್ನು ಹಿಡಿಯಲೂ ಬೇಕು, ಪರದೆಗೆ ಸುದ್ದಿ ಕಳಿಸಲೂ ಬೇಕು, ಎರಡಕ್ಕೂ ಸಾಲುವಷ್ಟಿರಲಿಲ್ಲ.

"ಸುದ್ದಿ ಕಳಸೋದು ಬಂದ್ ಮಾಡಿದ್ರ ಎಲ್ಲಾ ಚಾರ್ಜೂ ಹಿಡಿತಕ್ಕ ಸಿಗ್ತದ" ಎಂದ ಇಂದುಧರ. "ಆದ್ರ ಮೇಡಂ, ಚುಕ್ಕಿ ಹೋಗ್ತದ. ಆಮ್ಯಾಲ ಒಳಗ ಏನಾಗಾಕತ್ತೇತಿ ಅಂತ ನಮಗೇನೂ ಕಾಣೂದಿಲ್ಲ."

ನಾ ಕುಂತು ಕಾಯ್ತೀನಿ ಎಂದು ಮಾತು ಕೊಟ್ಟವಳು ನೀಲಗಂಗಾ. ಕಣ್ಣು ಕಟ್ಟಿಕೊಂಡು ಕಾಯುವುದು ಹೇಗೆ? ಆದರೆ ಇಷ್ಟು ದಿನ ಕಣ್ಣು ಬಿಟ್ಟುಕೊಂಡು ಕಾದದ್ದರಿಂದ ಏನಾಯಿತು ಎಂಬುದೂ ಅವಳ ಮುಂದೆಯೇ ಇತ್ತು. "ಬಂದ್ ಮಾಡು" ಎಂದಳು. ಚುಕ್ಕೆ ಆರಿತು. ಗೋಡೆಯ ಮೇಲೆ ಬಸಲಿಂಗವ್ವ ಎಂಬ ಹೆಂಗಸು ಇಲ್ಲವೇ ಇಲ್ಲ.

ಉಳಿದದ್ದು ಫೋನು. ನೀಲಗಂಗಾ ಅದನ್ನು ಎರಡೂ ಕೈಯಲ್ಲಿ ಹಿಡಿದು ಮಾತಾಡತೊಡಗಿದಳು.

"ಅತ್ತೀ, ಹುಣಸಿಕಾಯಿ ನೆನಸ್ಕೊಳ್ರಿ. ಎಳೀದು. ಉಪ್ಪಿನ ಜೋಡಿ."

"ಹಾಳಾದಾಕಿ" ಎಂದು ಬಸಲಿಂಗವ್ವ ನುಂಗಿದರು.

"ನೆಲ್ಲಿಕಾಯಿ, ಕವಳಿಹಣ್ಣು, ನಿಂಬಿಹುಳಿ ಹಿಂಡಿದ ಮಂಡಕ್ಕಿ..."

"ಸಾಯೂತನ ಉಪವಾಸ ಕೆಡವಿ ತಿಂಡಿ ಹೆಸರು ಹೇಳ್ತಿ..." ಮತ್ತೆ ನುಂಗಿದರು. ಮುಕ್ತಾ ಮಾವಿನಕಾಯಿಯ ಮೂರನೆಯ ಹೋಳು ಎತ್ತಿಕೊಂಡಳು. ಸುತ್ತ ಕೂತ ಮುದುಕಿಯರಿಗೂ ಬಾಯಲ್ಲಿ ನೀರೂರಿ, ಎಲ್ಲರೂ ಪೀಕದಾನಿ ಮರೆತು ಗುಟುಕು ಗುಟುಕು ನುಂಗುತ್ತಿದ್ದರು.

ಒಂದು ತೇಗು ಬಂತು. ಎಲ್ಲರೂ ಬಗ್ಗಿದರು. ಬಸಲಿಂಗವ್ವ ಬಿಳಿ ಟವೆಲಿಗೆ ಉಗುಳಿದರು. ತಂಗಿ ಅದನ್ನು ಫೋನಿಗೆ ಹಿಡಿದಳು. ತಿಳಿ ಗುಲಾಬಿ. ಸ್ವಲ್ಪ ಹೊತ್ತಿಗೆ ಇನ್ನೊಂದು ತೇಗು. ಟವೆಲು ಬೆಳ್ಳಗೇ ಇತ್ತು.

"ಹಿಡೀತು" ಎಂದರು ನದಾಫ್, ಕುರ್ಚಿಯ ಮೇಲೆ ಕುಸಿದು. "ಹಿಡೀತು ನೋಡ್ರಿ ನಿಮ್ಮ ಜಾಲರಿ." ಅಷ್ಟರಲ್ಲಿ ಅಣ್ಣಿಗೇರಿಯ ಓಣಿಯಲ್ಲಿ ಆಂಬುಲೆನ್ಸಿನ ಸದ್ದು ಕೇಳಿಸಿತು. ನೀಲಗಂಗಾ ಫೋನನ್ನು ಎದೆಗೊತ್ತಿಕೊಂಡು ಎಲ್ಲರೆದುರೂ ಗಳಗಳ ಅತ್ತುಬಿಟ್ಟಳು.

ಹುಬ್ಬಳ್ಳಿಗೆ ತಂದ ಮೇಲೆ ನದಾಫ್ ಆ ನಾಳಕ್ಕೆ ಉಂಗುರ ಬಿಗಿದು ಗಟ್ಟಿಮಾಡಿದರು. ಮರುದಿನ ಆಸ್ಪತ್ರೆಯ ಮಂಚದ ಪಕ್ಕ ಕೂತ ನೀಲಗಂಗಾ ಹೊದಿಕೆಯ ಅಂಚು ಮಡಿಸುತ್ತಲೇ ಇದ್ದಳು. ಬೈಯಬೇಕೆಂದು ಬಂದವಳು.

"ಬೈದುಬಿಡು ಒಮ್ಮೆ" ಎಂದರು ಬಸಲಿಂಗವ್ವ.

"ನನಗ ಹೇಳಬಾರದಾಗಿತ್ತೇನ್ರೀ?"

"ಹೆಂಗ ಹೇಳ್ಲಿ? ಸಂಚಿ ಕೊಟ್ಟಾಗ ನೀ ಕಣ್ಣೀರು ತಗದಿ. ನಾಕು ದಿನಕ್ಕ ಬಾಯಿ ಚಟ ತಡೀಲಿಲ್ಲ, ಬಾಜೂ ಮನ್ಯಾಕಿ ಕಡಿಂದ ಇನ್ನೊಂದು ತರಿಸ್ಕೊಂಡೆ. ಬೈದ್ರ ತಡಕೋತಿದ್ದೆ. ನಿನ್ನ ಮುಖ ಸಣ್ಣದಾಗ್ತೈತಲ್ಲ, ಅದು ನನ್ನ ಕೈಲಿ ನೋಡಾಕಾಗೂದಿಲ್ಲ." ಸೊಸೆಯತ್ತ ಹೊರಳಿ, "ನೀ ಪರದೆದಾಗ ನೋಡಿ ಮಲಗ್ತೀರೇನು ಅಂದಿ. ಹೌದಂದ್ರ ಪಾರಾದೆ ಅನಕೊಂಡೆ" ಎಂದರು.

"ನಾನೂ ಕೇಳಲಿಲ್ರೀ. ಮಧ್ಯಾಹ್ನ ಒಂದ್ ಫೋನ ಮಾಡಿದ್ರ ಮುಗೀತಿತ್ತು. ಚುಕ್ಕಿ ನೋಡ್ಕೋತ ಕುಂತೆ." ನೀಲಗಂಗಾ ಅತ್ತೆಯ ಕೈ ಹಿಡಿದುಕೊಂಡಳು. ಬಸಲಿಂಗವ್ವ ಬಿಡಿಸಿಕೊಳ್ಳಲಿಲ್ಲ.

ಮುಂದಿನ ಜಾಲರಿಗೆ ನೀಲಗಂಗಾ ಗುಟುಕನ್ನಷ್ಟೇ ನಂಬುವುದನ್ನು ಬಿಡಿಸಿದಳು. ಉಸಿರಾಡಿದಾಗಲೆಲ್ಲ ಎದೆಗೂ ಹೊಟ್ಟೆಗೂ ನಡುವಿನ ತೆಳು ಪೊರೆ, ವಪೆ, ಏರಿ ಇಳಿದು ಅನ್ನನಾಳದ ಬುಡವನ್ನು ಎಳೆಯುತ್ತದಲ್ಲ, ಆ ಎಳೆತದಿಂದಲೂ ಚಾರ್ಜು ಹುಟ್ಟುವಂತೆ ಎಳೆಗಳನ್ನು ಹೊಸದಾಗಿ ಹೆಣೆದಳು. ನುಂಗುವವರೂ ಉಸಿರಾಡುತ್ತಾರೆ, ಉಗುಳುವವರೂ ಉಸಿರಾಡುತ್ತಾರೆ. ಮಲಗಿದರೂ ಉಪವಾಸ ಹಿಡಿದರೂ ಕಾವಲು ತಪ್ಪುವಂತಿಲ್ಲ; ಗುಟುಕು ನಿಂತರೆ ಚುಕ್ಕೆಯಷ್ಟೇ ಮೊದಲಿನಂತೆ ನೀಲಿಯಾಗುತ್ತದೆ. ಬಸಲಿಂಗವ್ವನಿಗೆ ಹಾಕಿದ್ದು ಅದರ ಮೊದಲನೆಯದು. ಎರಡನೆಯ ಸಂಚಿಯನ್ನು ಅವರು ಈ ಸಲ ಸೊಸೆಗೆ ಕೊಡಲಿಲ್ಲ. ತಾವೇ ಖಾಲಿ ಮಾಡಿ, ಒಗೆದು, ಒಣಗಿಸಿದ ನೆಲ್ಲಿಕಾಯಿ ತುಂಬಿಟ್ಟುಕೊಂಡರು.

ಇನ್ನೊಂದು ಪದ್ಧತಿಯೂ ನಿಗಾ ಕೋಣೆಗೆ ಬಂತು. ಹಗಲು ಹೊತ್ತಿನಲ್ಲಿ ಯಾವ ಚುಕ್ಕೆ ನೀಲಿಯಾದರೂ ಯಾರಾದರೊಬ್ಬರು ಫೋನು ಮಾಡಿ ಕೇಳಲೇಬೇಕು: "ಮಲಗೀರೇನ್ರೀ?" ರೋಣದ ಮುದುಕಿಯರಿಗೆ ಇದು ಬಹಳ ಇಷ್ಟವಾಯಿತು. ಫೋನು ಬಂದರೆ ಲಗೂನೆ ಇಡುವುದಿಲ್ಲ. ಮಳೆ, ಬೆಳೆ, ಸೊಸೆ, ಎಲ್ಲದರ ಸುದ್ದಿ.

ಮುಕ್ತಾಳ ಕೂಸಿಗೆ ಹಲ್ಲು ಮೂಡುವ ಹೊತ್ತಿನ ಒಂದು ಮಧ್ಯಾಹ್ನ. ಹೊಸ ಜಾಲರಿಗೆ ಚಾರ್ಜು ಭರ್ತಿ, ನಾಳಗಳೆಲ್ಲ ಹಿಡಿತದಲ್ಲಿ. ನೀಲಗಂಗಾ ಪರದೆಯತ್ತ ನೋಡಿದಳು. ಬಸಲಿಂಗವ್ವನ ಚುಕ್ಕೆ ಮೆಲ್ಲಗೆ ನೀಲಿಗೆ ತಿರುಗಿತು.

ಅವಳು ಫೋನಿನತ್ತ ಕೈ ಚಾಚಿದಳು. ಯಂತ್ರ ಸರಿಯಿದೆ ಎಂದು ಗೊತ್ತು. ಆದರೂ ಪದ್ಧತಿ ಪದ್ಧತಿಯೇ. ಫೋನು ಹಚ್ಚಿದಳು. ಬಹಳ ಹೊತ್ತು ಯಾರೂ ಎತ್ತಲಿಲ್ಲ. ಇನ್ನೇನು ಮಹಾರುದ್ರನಿಗೆ ಮಾಡಬೇಕು, ಅಷ್ಟರಲ್ಲಿ ಆ ಕಡೆಯಿಂದ ಭಾರವಾದ, ಜಡ್ಡುಗಟ್ಟಿದ ದನಿ ಬಂತು.

"ಯಾರದು?"

"ಅತ್ತೀ, ನಾನ್ರೀ. ಮಲಗೀರೇನ್ರೀ?"

"ಹೂಂನ ಯವ್ವಾ!" ಎಂದರು ಬಸಲಿಂಗವ್ವ. "ಕಾಯಾಕ ನೀ ಇದ್ದೀಯಲ್ಲ ಅಂತ ಹುಟ್ಟಿದಮ್ಯಾಲ ಮೊದಲನೇ ಸಲ ಹಗಲು ಮಲಗಿದ್ದೆ. ಎಬ್ಬಿಸಿದೆಲ್ಲ!"

ನೀಲಗಂಗಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. "ಮಲಕ್ಕೋರಿ ಅತ್ತೀ" ಎಂದು ಫೋನಿಟ್ಟಳು. ಚುಕ್ಕೆ ಒಂದು ಗಳಿಗೆ ಹಸಿರಾಗಿದ್ದು, ಮತ್ತೆ ನೀಲಿಯಾಯಿತು.